ಗಾಳಿಗೆ ಮುಖ ಕೊಟ್ಟ ಅಟ್ಟಣೆ

ವೈಶಾಖ ಶುದ್ಧ ದಶಮಿ, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ: ಠಾಣೆಯಲ್ಲಿ ಘೋಡ್‌ಬಂದರ್ ರಸ್ತೆಯ ಎಡಕ್ಕೆ ಏರುವ ಕಾಡಿನೊಳಗೆ, ಕೊನೆಯ ಹಾಡಿಯಿಂದ ನಲವತ್ತು ನಿಮಿಷ ನಡೆದರೆ ಸಿಗುವ ಸಿಮೆಂಟಿನ ನೀರಿನ ತೊಟ್ಟಿ. ಹಾಜರಿದ್ದವರು ನಾಲ್ವರು: ಆ ಭಾಗದ ಅರಣ್ಯ ರಕ್ಷಕ, ತೊಟ್ಟಿಗೆ ನೀರು ಬಿಡುವ ದಿನಗೂಲಿಯ, ವಾರ್ಲಿ ಬುಡಕಟ್ಟಿನ ಹೆಂಗಸು, ಮಾಜಿವಾಡಾದ ಹೋಟೆಲೊಂದರ ಗಲ್ಲಾದಲ್ಲಿ ಕೂತು ನಿವೃತ್ತನಾದ ನನ್ನ ಗೆಳೆಯ, ಮತ್ತು ಡೊಂಬಿವಲಿಯಿಂದ ನಾಲ್ಕು ಮುಕ್ಕಾಲರ ಲೋಕಲ್ ಹಿಡಿದು ಬಂದ ನಾನು.

ಕೆಲಸ ಇಷ್ಟು. ಹುಣ್ಣಿಮೆಯ ದಿನ ಪ್ರಾಣಿಗಣತಿ. ಪ್ರತಿ ತೊಟ್ಟಿಯ ಹತ್ತಿರ ಮರದ ಮೇಲೆ ಒಂದು ಅಟ್ಟಣೆ, ಅದರಲ್ಲಿ ಇಲಾಖೆಯ ಕಡೆಯ ಒಬ್ಬರು, ನಮ್ಮಂಥ ಸ್ವಯಂಸೇವಕರು ಒಬ್ಬರು. ಮಧ್ಯಾಹ್ನ ಏರಿದರೆ ಇಳಿಯುವುದು ಮರುದಿನ ಬೆಳಗ್ಗೆ. ಕಂಡದ್ದನ್ನು ಫಾರ್ಮಿನಲ್ಲಿ ಬರೆಯಬೇಕು. ಹಿಂದಿನ ಕಾಲದಲ್ಲಿ ಇಂಥ ಅಟ್ಟಣೆಗಳನ್ನು ಬೇಟೆಗಾರರು ಕಟ್ಟುತ್ತಿದ್ದರು. ನಮ್ಮ ಕೈಯಲ್ಲಿರುವುದು ಬಂದೂಕಲ್ಲ, ಪೆನ್ಸಿಲು. ಆದರೆ ಕಡವೆಯ ಮೂಗಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗಾಗಿ ಅಡಗುವ ಕ್ರಮವೆಲ್ಲ ಬೇಟೆಯದೇ.

ನನ್ನನ್ನು ಕರೆದದ್ದು ಕಟ್ಟುವ ಕೆಲಸಕ್ಕೆ. ಡೊಂಬಿವಲಿಯ ಕಾರ್ಖಾನೆಯಲ್ಲಿ ನಾನು ಪರಾಂಚಿ ಕಟ್ಟಿಸುವ ಫೋರ್‌ಮನ್ ಆಗಿದ್ದೆ. ಚಿಮಣಿಗೆ ಬಣ್ಣ ಹೊಡೆಯುವಾಗ, ಪೈಪು ಬದಲಿಸುವಾಗ ಆಳುಗಳು ನಿಲ್ಲುವ ಬಿದಿರಿನ ಚೌಕಟ್ಟಿಗೆ ಇಲ್ಲಿ ಪರಾಂಚಿ ಎನ್ನುತ್ತಾರೆ. ಬಿದಿರು ಮತ್ತು ಹಗ್ಗ ನನಗೆ ಹೊಸದಲ್ಲ. ಕಾಡು ಹೊಸದು. ಅದನ್ನು ಒಪ್ಪಿಕೊಳ್ಳಲು ನನಗೆ ನಾಲ್ಕು ದಿನ ಬೇಕಾಯಿತು.

ಅರಣ್ಯ ರಕ್ಷಕ ಗಡಿನಾಡಿನ ಜತ್ ಕಡೆಯವನು, ಮನೆಮಾತು ಕನ್ನಡ. ಚೀಲ ಇಳಿಸುವ ಮೊದಲೇ ಅವನು ವಿಷಯ ಬಿಚ್ಚಿಟ್ಟ.

"ಕಾಕಾ, ಒಂದ್ ಮಾತು ಮೊದಲ ಹೇಳಿಬಿಡ್ತೀನ್ರಿ. ಹ್ವಾದ ವರ್ಷ ಈ ತೊಟ್ಟಿ ಫಾರ್ಮಿನ್ಯಾಗ ಸೊನ್ನೆ. ಅದರ ಹಿಂದಿನ ವರ್ಷನೂ ಸೊನ್ನೆ. ಟ್ಯಾಂಕರ್ ಖರ್ಚು ಭಾಳ ಆತು ಅಂತ ಸಾಹೇಬ್ರು ಕೆಲವು ತೊಟ್ಟಿಗೆ ನೀರು ಬಂದ್ ಮಾಡೋರದಾರ. ಈ ಸಲನೂ ಸೊನ್ನೆ ಬಂತಂದ್ರ ಪಟ್ಟೀವಳಗ ಇದೇ ಮೊದಲನೇದು. ಮಾವಶಿ ಕೂಲೀನೂ ಹೋತು."

ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಎಲ್ಲರೂ ಕರೆಯುತ್ತಿದ್ದದ್ದು ಆ ವಾರ್ಲಿ ಹೆಂಗಸನ್ನು. ಐವತ್ತರ ಮೇಲಿನ ವಯಸ್ಸು, ಮೊಳಕಾಲಿನ ತನಕ ಕಚ್ಚೆ ಸೀರೆ, ಬರಿಗಾಲು. ಮೇಲಿನ ಕಾಡುರಸ್ತೆಯಲ್ಲಿ ಟ್ಯಾಂಕರ್ ನಿಂತಾಗ ಕಪ್ಪು ಪೈಪನ್ನು ಎಳೆದು ತಂದು ತೊಟ್ಟಿ ತುಂಬಿಸುವುದು ಅವಳ ಕೆಲಸ. ನಾವು ಮಾತಾಡುವ ಕನ್ನಡದಲ್ಲಿ ಸೊನ್ನೆ ಎಂಬುದೊಂದು ಅವಳಿಗೆ ಅರ್ಥವಾಗಿರಬೇಕು.

"ಯೇತಾತ್," ಎಂದಳು. ಬರುತ್ತವೆ ಎಂದು.

"ಏನು ಬರುತ್ತವೆ?" ಮರಾಠಿಯಲ್ಲಿ ಕೇಳಿದೆ. ಅವಳ ಮಾತನ್ನು ಇಲ್ಲಿಂದ ಮುಂದೆ ಕನ್ನಡದಲ್ಲೇ ಬರೆಯುತ್ತೇನೆ.

"ಸಾಂಬರ್. ಹೆಣ್ಣು. ಮರಿ ಇದೆ. ಬೆಳಗ್ಗೆ ಬಂದಾಗ ನೀರು ನಾಲ್ಕು ಬೆರಳು ಇಳಿದಿರುತ್ತದೆ. ನಾನು ಹೇಳಿದರೆ ಯಾರೂ ಬರೆದುಕೊಳ್ಳುವುದಿಲ್ಲ. ಮರದ ಮೇಲೆ ಕೂತವರು ಹೇಳಿದರೆ ಬರೆದುಕೊಳ್ಳುತ್ತಾರೆ."

ಕಡವೆಗೆ ಇಲ್ಲಿಯವರು ಸಾಂಬರ್ ಎನ್ನುತ್ತಾರೆ. ನನ್ನ ಗೆಳೆಯ ಅಷ್ಟಕ್ಕೇ ಕಾಯುತ್ತಿದ್ದ.

"ನಲ್ವತ್ತು ವರ್ಷ ಸಾಂಬಾರ್ ಬಡಿಸಿದ್ದೇನೆ ಮಾರಾಯ್ರೆ, ಅದು ನಡ್ಕೊಂಡು ಬರೂದನ್ನು ಕಂಡದ್ದಿಲ್ಲ."

ಹುಣ್ಣಿಮೆಯೊಳಗೆ ಈ ಜೋಕನ್ನು ಅವನು ಇನ್ನೂ ಮೂರು ಸಲ ಹೇಳಿದ.

ಮೊದಲು ಮರ ಆರಿಸಬೇಕು. ತೊಟ್ಟಿಯಿಂದ ಪಶ್ಚಿಮಕ್ಕೆ ಇಪ್ಪತ್ತೆರಡು ಹೆಜ್ಜೆ ದೂರದಲ್ಲಿ ಒಂದು ಮತ್ತಿ ಮರ. ಬೊಡ್ಡೆ ನೇರ, ಕವಲು ಹದಿನಾಲ್ಕು ಅಡಿ ಎತ್ತರದಲ್ಲಿ. ತೊಗಟೆಯ ಮೇಲೆ ಹಳೆಯ ಹಗ್ಗದ ಗುರುತು. ಹಿಂದಿನ ಎರಡು ಗಣತಿಗೂ ಅಟ್ಟಣೆ ಇಲ್ಲೇ ಇತ್ತು. ಇಲಾಖೆಯ ಕಾಗದದಲ್ಲಿ ಬರೆದದ್ದೂ ಇದೇ ಮರ. ಅಲ್ಲಿ ಕೂತರೆ ಸಂಜೆಯ ಬಿಸಿಲು ಬೆನ್ನಿಗೆ, ತೊಟ್ಟಿಯ ಮೇಲೆ ಪೂರ್ತಿ ಬೆಳಕು. ಬೆಳಕು ಬೆನ್ನ ಹಿಂದೆ ಇರಬೇಕೆನ್ನುವುದು ಕಾರ್ಖಾನೆಯಲ್ಲಿ ನಾನೇ ಹುಡುಗರಿಗೆ ಕಲಿಸಿದ ಪಾಠ. ಎರಡನೆಯ ಸಲ ಯೋಚಿಸಲಿಲ್ಲ.

ಮಾವಶಿ ತೊಟ್ಟಿಯ ಆಚೆ, ಆಗ್ನೇಯಕ್ಕಿದ್ದ ಹೊಂಗೆ ಮರವನ್ನು ಗದ್ದ ಚಾಚಿ ತೋರಿಸಿದಳು. "ಅದು."

ನೋಡಿದೆ. ಸೊಟ್ಟ ಬೊಡ್ಡೆ. ಕೊಂಬೆಗಳು ಜೋತುಬಿದ್ದು ತೊಟ್ಟಿ ಅರ್ಧ ಕಾಣುವುದಿಲ್ಲ. ಕವಲು ಹತ್ತೇ ಅಡಿ. ಸಂಜೆ ಸೂರ್ಯ ನೇರ ಕಣ್ಣಿಗೆ.

"ಅಲ್ಲಿ ಕೂತರೆ ಕಣ್ಣು ಕುರುಡಾಗ್ತದೆ ಮಾವಶಿ," ಎಂದೆ.

ಅವಳು ಟ್ಯಾಂಕರಿನ ಮೇಲೆ ಕಟ್ಟಿ ತಂದ ಹದಿನಾರು ಬಿದಿರುಗಳನ್ನು ಇಳಿಸಲು ಕಾಡುರಸ್ತೆಯತ್ತ ನಡೆದಳು. ಆ ದಿನ ಬಿದಿರು ಸಾಗಿಸುವುದರಲ್ಲೇ ಹನ್ನೊಂದು ಗಂಟೆಯಾಯಿತು. ಆಮೇಲೆ ಮೇ ತಿಂಗಳ ಬಿಸಿಲಿನಲ್ಲಿ ಕೆಲಸ ಮಾಡುವುದಿಲ್ಲವೆಂಬುದು ನಾವು ಮೊದಲೇ ಹಾಕಿಕೊಂಡ ನಿಯಮ.

ಮರುದಿನ ಏಕಾದಶಿ. ಗೆಳೆಯನಿಗೆ ಉಪವಾಸ. ಆದರೂ ನಮಗೆ ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದಿದ್ದ.

"ತಿನ್ನಿ, ತಿನ್ನಿ. ನನ್ನ ಮುಖ ನೋಡ್ಬೇಡಿ. ವಾಸನೆಯಲ್ಲೇ ನನ್ನ ಏಕಾದಶಿ ಅರ್ಧ ಮುರೀತು."

ಆರೂವರೆಗೆ ಕಟ್ಟಲು ಶುರು ಮಾಡಿದೆವು. ಕಾಡಿನ ಮರಕ್ಕೆ ಮೊಳೆ ಹೊಡೆಯುವಂತಿಲ್ಲ, ಹಗ್ಗ ಮಾತ್ರ. ತೆಂಗಿನ ನಾರಿನ ಕಾಥಿ ಹಗ್ಗ ಒಣಗಿದ್ದರೆ ಗಂಟಿನಲ್ಲಿ ಜಾರುತ್ತದೆ. ಬಕೆಟ್ಟಿನಲ್ಲಿ ಒಂದು ತಾಸು ನೆನೆಸಿ ಮೆತ್ತಗೆ ಮಾಡಿಕೊಂಡೆ. ಹಗ್ಗ ಬರುವ ಕಡೆಯೆಲ್ಲ ತೊಗಟೆಗೆ ಗೋಣಿಯ ತುಂಡು ಸುತ್ತಿದೆವು. ಕವಲಿಗೆ ಎರಡು ದಪ್ಪ ಬಿದಿರು ಅಡ್ಡ, ಅದರ ಮೇಲೆ ನಾಲ್ಕು ಉದ್ದ, ಕೆಳಗಿನಿಂದ ಬೊಡ್ಡೆಗೆ ಎರಡು ಓರೆ ಆಸರೆ. ಬಿದಿರಿಗೆ ಬಿದಿರು ತಾಗುವ ಪ್ರತಿ ಜಾಗದಲ್ಲೂ ಗೋಣಿ ಚೂರು ಇಟ್ಟು ಕಟ್ಟಿದೆ. ಇಲ್ಲದಿದ್ದರೆ ಮೇಲೆ ಕೂತವನು ಉಸಿರೆಳೆದರೂ ಕಿರ್ರೆನ್ನುತ್ತದೆ. ಮೇಲೆ ಬಿದಿರಿನ ಸೀಳು, ಅದರ ಮೇಲೆ ಎರಡು ಪದರ ಗೋಣಿ. ಇಬ್ಬರ ತೂಕಕ್ಕೆ ಇಮ್ಮಡಿ ಕಲ್ಲು ತುಂಬಿದ ಚೀಲಗಳನ್ನು ಏರಿಸಿ ಒಂದು ತಾಸು ಬಿಟ್ಟೆ. ಯಾವ ಗಂಟೂ ಕದಲಲಿಲ್ಲ. ಮುಂದಿನ ಮರೆಗೆ ಮಣ್ಣಿನ ನೀರಿನಲ್ಲಿ ಅದ್ದಿದ ಗೋಣಿಪಟ್ಟೆ, ಅಂಚು ನೇರ ಬರುವಂತೆ ಕತ್ತರಿಸಿ ಬಿಗಿದೆ. ಉದುರಿದ ಟೊಂಗೆಗಳನ್ನು ಒಂದೇ ಅಳತೆಗೆ ಮುರಿದು ಸಾಲಾಗಿ ಸಿಕ್ಕಿಸಿದೆ. ಕೆಳಗೆ ನಿಂತು ನೋಡಿದರೆ ಚಂದ ಕಾಣುತ್ತಿತ್ತು.

ಆಮೇಲೆ ಗುಡಿಸಿದೆ. ಕೆಲಸ ಮುಗಿದ ಮೇಲೆ ಜಾಗ ಚೊಕ್ಕಟ ಮಾಡದೆ ನಾನು ಕಾರ್ಖಾನೆಯಲ್ಲಿ ಒಂದು ದಿನವೂ ಶಿಫ್ಟ್ ಬಿಟ್ಟವನಲ್ಲ. ಗೆಳೆಯ ತಂದಿದ್ದ ಎರಡು ಹಿಡಿಸೂಡಿಗಳಲ್ಲಿ ಮರದ ಬುಡದಿಂದ ತೊಟ್ಟಿಯ ತನಕ, ತೊಟ್ಟಿಯ ಸುತ್ತ, ಈಶಾನ್ಯದ ತೊರೆಯಿಂದ ಪ್ರಾಣಿಗಳು ಇಳಿಯುವ ದಾರಿಯ ಬಾಯಿಯ ತನಕ ತರಗೆಲೆ ಒಂದೂ ಇರದಂತೆ ಇಬ್ಬರೂ ಗುಡಿಸಿದೆವು. ದಾರಿಗೆ ಅಡ್ಡ ಬಿದ್ದಿದ್ದ ಒಣ ಕೊಂಬೆಯೊಂದನ್ನು ನೋಟಕ್ಕೆ ತಡೆಯೆಂದು ಎಳೆದು ಬದಿಗೆ ಹಾಕಿದೆ. ಹೆಜ್ಜೆ ಗುರುತು ಬಿದ್ದರೆ ಸ್ಪಷ್ಟ ಕಾಣುತ್ತದೆ ಎಂಬ ಸಮರ್ಥನೆಯೂ ಇತ್ತು.

"ಅಂಗಳದ ಥರ ಮಾಡಿದ್ರಿ, ರಂಗೋಲಿ ಒಂದ್ ಬಾಕಿ," ಎಂದು ರಕ್ಷಕ ನಕ್ಕ.

ರಂಗೋಲಿ ಇಲ್ಲದಿದ್ದರೂ ಗೆಳೆಯ ಚೀಲದಿಂದ ತೆಂಗಿನಕಾಯಿ, ಊದುಬತ್ತಿ ತೆಗೆದ. ಹೊಸದಾಗಿ ಏನು ಕಟ್ಟಿದರೂ ಕಾಯಿ ಒಡೆಯದೆ ಒಳಗೆ ಕಾಲಿಡಬಾರದು ಎನ್ನುವುದು ಅವನ ಪದ್ಧತಿ, ನನ್ನದೂ ಹೌದು. ಕಾರ್ಖಾನೆಯಲ್ಲೂ ಹೊಸ ಪರಾಂಚಿಯ ಬುಡಕ್ಕೆ ಕಾಯಿ ಒಡೆಯುತ್ತಿದ್ದೆವು. ಮರದ ಬುಡದಲ್ಲಿ ಕಾಯಿ ಒಡೆದು, ಊದುಬತ್ತಿ ಹಚ್ಚಿ, ಹೋಳನ್ನು ಅಲ್ಲೇ ಇಟ್ಟು ಕೈಮುಗಿದೆವು. ಊದುಬತ್ತಿಯ ಹೊಗೆ ನೇರ ತೊಟ್ಟಿಯ ಮೇಲೆ ಹಾಯ್ದು, ಪ್ರಾಣಿಗಳ ದಾರಿಯ ಕಡೆಗೆ ಹೋಯಿತು. ನಾನು ಕಂಡೆ. ಶುಭಲಕ್ಷಣ ಎಂದು ಗೆಳೆಯ ಹೇಳಿದ. ನಾನೂ ತಲೆಯಾಡಿಸಿದೆ.

ಮಾವಶಿ ಕೈಮುಗಿದಳು. ಆಮೇಲೆ ಊದುಬತ್ತಿಯನ್ನೇ ನೋಡುತ್ತ ನಿಂತಿದ್ದಳು.

ದ್ವಾದಶಿಯ ಬೆಳಗ್ಗೆ ಆರು ಗಂಟೆಗೆ ಬಂದರೆ ಮರೆಯ ಗೋಣಿ ಚಿಂದಿ. ಅರ್ಧ ಕೆಳಗೆ ಬಿದ್ದಿತ್ತು, ಅರ್ಧ ಕೊಂಬೆಯಲ್ಲಿ ನೇತಾಡುತ್ತಿತ್ತು. ಕವಲಿನಲ್ಲಿ ಕೂತ ಗಂಡು ಮಂಗವೊಂದು ತೆಂಗಿನ ಕರಟ ಹಿಡಿದು ನಮ್ಮನ್ನು ನೋಡಿತು. ಕಾಯಿಯ ವಾಸನೆಗೆ ಬಂದ ಹಿಂಡು ಇನ್ನೂ ಏನಿದೆಯೆಂದು ಅಟ್ಟಣೆಯನ್ನೇ ಜಾಲಾಡಿತ್ತು.

"ಗಿರಾಕಿ ಮೊದಲ ಬಂದಾರ ನೋಡ್ರಿ," ಎಂದ ರಕ್ಷಕ ನನ್ನ ಗೆಳೆಯನಿಗೆ. "ಬಿಲ್ ಕೊಡ್ರಿ."

ಗೆಳೆಯ ಪಾರಣೆ ಮುಗಿಸಿ ಹೊಟ್ಟೆ ತುಂಬ ತಿಂದು ಬಂದಿದ್ದ. ಆದರೂ ಮುಖ ಇಳಿಯಿತು. "ನನ್ನದೇ ತಪ್ಪು ಮಾರಾಯ್ರೆ," ಎಂದವನು ಕರಟದ ಚೂರುಗಳನ್ನೆಲ್ಲ ಹೆಕ್ಕಿ ಚೀಲಕ್ಕೆ ತುಂಬಿದ. ಮರೆಯನ್ನು ಮತ್ತೆ ಕಟ್ಟಲು ಮೂರು ತಾಸು ಹಿಡಿಯಿತು. ಗುಡಿಸಿದ ಮಣ್ಣಿನಲ್ಲಿ ಮಂಗಗಳ ಕೈಕಾಲಿನ ಗುರುತು ಬಿಟ್ಟರೆ ಬೇರೆ ಯಾವುದೂ ಇರಲಿಲ್ಲ. ಮಂಗಗಳ ಗಲಾಟೆಗೆ ಕಡವೆ ಬಂದಿರಲಿಕ್ಕಿಲ್ಲ ಎಂದುಕೊಂಡೆ. ಮಂಗಗಳ ಗುರುತು ಅಳಿಸಲು ಇನ್ನೊಮ್ಮೆ ಗುಡಿಸಿದೆ.

ತ್ರಯೋದಶಿಯಂದು ನಾನು ಬರುವಾಗ ಮಾವಶಿ ಆಗಲೇ ಅಲ್ಲಿದ್ದಳು. ತೊಟ್ಟಿಯ ಹತ್ತಿರ ಅಲ್ಲ, ದಾರಿಯ ಬಾಯಲ್ಲಿ, ಕುಕ್ಕರಗಾಲಲ್ಲಿ ಕೂತಿದ್ದಳು. ಕೈಯಾಡಿಸಿ ಕರೆದಳು.

"ಬಾಬಾ, ನಿನ್ನ ಅಂಗಳ ನೋಡು ಬಾ."

ತೊರೆಯ ದಾರಿಯ ತರಗೆಲೆಯ ನಡುವೆ ಮೆದುಮಣ್ಣು ಇದ್ದಲ್ಲೆಲ್ಲ ಗೊರಸಿನ ಗುರುತು. ದೊಡ್ಡದೊಂದು ಜೊತೆ, ಪಕ್ಕದಲ್ಲಿ ಚಿಕ್ಕದು. ಗುರುತುಗಳು ನಾನು ಗುಡಿಸಿದ ಗೆರೆಯ ತನಕ ಬಂದಿದ್ದವು. ಅಲ್ಲಿ ಆಳವಾಗಿ ಊರಿದ್ದವು. ಬಹಳ ಹೊತ್ತು ನಿಂತ ಗುರುತು. ಗೆರೆ ದಾಟಿ ಒಂದು ಹೆಜ್ಜೆಯೂ ಇರಲಿಲ್ಲ. ಅಲ್ಲಿಂದಲೇ ತಿರುಗಿ ಮೇಲಕ್ಕೆ ಹೋಗಿದ್ದವು. ಮರಿಯದು ಮಾತ್ರ ಗೆರೆಯ ಗುಂಟ ಅಡ್ಡಡ್ಡ ಓಡಾಡಿತ್ತು.

ಗುರುತು ಸ್ಪಷ್ಟ ಕಾಣಲೆಂದು ಗುಡಿಸಿದ್ದೆನಲ್ಲ. ಕಂಡಿತು.

"ನಿನ್ನೆ ರಾತ್ರಿ ನೀರಿಲ್ಲದೆ ಹೋಯಿತು," ಎಂದಳು ಮಾವಶಿ. ದನಿಯಲ್ಲಿ ದೂರು ಇರಲಿಲ್ಲ. "ಹೋದ ಬೇಸಿಗೆ ಒಂದು ಹೀಗೇ ಕೆಳಗೆ ಇಳಿಯಿತು, ಬಿಲ್ಡಿಂಗುಗಳ ಕಡೆ. ನಾಯಿಗಳು ಬಿಡಲಿಲ್ಲ."

ನಾನು ಗೆರೆಯ ಮೇಲೇ ನಿಂತೆ. ಎರಡು ವರ್ಷದ ಸೊನ್ನೆ ನೆನಪಾಯಿತು. ಆಗ ಯಾರೂ ಗುಡಿಸಿರಲಿಲ್ಲ. ಹಾಗಾದರೆ ಗುಡಿಸಿದ್ದೊಂದೇ ಕಾರಣವಲ್ಲ.

ಮಾವಶಿ ಒಂದು ಚಿಟಿಕೆ ಒಣಮಣ್ಣು ಎತ್ತಿ ಬೆರಳುಗಳ ನಡುವೆ ಉದುರಿಸಿದಳು. ಬೆಳಗಿನ ಗಾಳಿ ಅದನ್ನು ಕೆಳಕ್ಕೆ, ಪೂರ್ವಕ್ಕೆ ಒಯ್ಯಿತು. "ಸಂಜೆ ಇನ್ನೂ ಜೋರು. ಸಮುದ್ರದ ಕಡೆಯಿಂದ. ನಿನ್ನ ಮತ್ತಿ ಮರದಿಂದ ನೀರಿಗೆ. ನೀರಿನಿಂದ ದಾರಿಗೆ. ಊದುಬತ್ತಿ ಹೊಗೆ ಹೇಗೆ ಹೋಯಿತು, ಮನುಷ್ಯರ ವಾಸನೆಯೂ ಹಾಗೇ."

"ಅವತ್ತೇ ಯಾಕೆ ಹೇಳಲಿಲ್ಲ?"

"ಹೇಳಿದೆ. ಅದು, ಅಂದೆ." ಅವಳು ಹೊಂಗೆಯನ್ನು ಗದ್ದ ಚಾಚಿ ತೋರಿಸಿದಳು. "ನೀನು ಬಿಸಿಲು ಅಂದೆ."

ಎರಡು ವರ್ಷ ಮತ್ತಿ ಮರದ ಮೇಲೆ ಕೂತವರು ಕಡವೆ ಬರಲಿಲ್ಲವೆಂದು ಬರೆದದ್ದು ಸುಳ್ಳಲ್ಲ. ಅವರು ಅಲ್ಲಿ ಕೂತದ್ದರಿಂದಲೇ ಬರಲಿಲ್ಲ. ನಾನು ಅದೇ ಗುರುತಿನ ಮೇಲೆ ಮೂರನೆಯ ಸೊನ್ನೆ ಕಟ್ಟಿದ್ದೆ, ಇಮ್ಮಡಿ ತೂಕಕ್ಕೂ ಕದಲದಂತೆ.

ಗಡಿಯಾರ ನೋಡಿದೆ. ಆರು ಮೂವತ್ತೈದು. ಗಣತಿಗೆ ಎರಡು ದಿನ. ನಾಳೆ ಮಧ್ಯಾಹ್ನದ ನಂತರ ಈ ಜಾಗದಲ್ಲಿ ಯಾರೂ ಸುಳಿಯಬಾರದು. ಕಾಡಿಗೆ ನಮ್ಮನ್ನು ಮರೆಯಲು ಕನಿಷ್ಠ ಒಂದು ರಾತ್ರಿ ಬೇಕು. ಹಾಗಾದರೆ ಉಳಿದದ್ದು ಎರಡು ಬೆಳಗು.

"ಬಿಚ್ಚುವ," ಎಂದೆ.

ರಕ್ಷಕ ಆಗಷ್ಟೇ ಏರಿ ಬಂದಿದ್ದ. "ಏನ್ ಬಿಚ್ಚೂದ್ರಿ? ಕಾಗದದಾಗ ಮತ್ತಿ ಮರ ಅಂತ ಐತಿ. ಎತ್ತರ ಹನ್ನೆರಡು ಅಡಿಗಿಂತ ಕಡಿಮಿ ಇರಬಾರದು ಅಂತ ಐತಿ. ಇಲ್ಲಿ ಚಿರತಿ ತಿರಗತಾವು, ಗೊತ್ತೈತಿಲ್ರಿ? ಆ ಹೊಂಗಿ ಕವಲು ಹತ್ತು ಅಡಿನೂ ಇಲ್ಲ."

"ಹನ್ನೆರಡು ಅಡಿ ನಾನು ಕೊಡ್ತೇನೆ. ಕವಲಿನ ಮೇಲೆ ಬಿದಿರಿನ ಕಾಲು ನಿಲ್ಲಿಸಿ ಎರಡೂವರೆ ಅಡಿ ಎತ್ತರಿಸ್ತೇನೆ. ಕಾಗದ ನೀವು ನೋಡಿಕೊಳ್ಳಿ."

"ಸಾಹೇಬ್ರು ಕೇಳಿದ್ರ?"

"ಹಳೆ ಮರದಿಂದ ಎರಡು ಸೊನ್ನೆ ಬಂದಿದೆ, ಮೂರನೆಯದು ಬೇಕೋ ಅಂತ ಕೇಳಿ."

ಅವನು ಮಾವಶಿಯ ಮುಖ ನೋಡಿದ, ಗೊರಸಿನ ಗುರುತು ನೋಡಿದ. ಫೋನಿಗೆ ಸಿಗ್ನಲ್ ಸಿಗುವ ಬಂಡೆಯ ಕಡೆ ಹತ್ತಿದ. ಹದಿನೈದು ನಿಮಿಷದ ಮೇಲೆ ಇಳಿದು ಬಂದು, "ಹನ್ನೆರಡು ಅಡಿ ಟೇಪ್ ಹಚ್ಚಿ ಫೋಟೊ ಕಳಸು ಅಂದಾರ," ಎಂದವನೇ ಅಂಗಿ ಕಳಚಿ ಮರ ಹತ್ತಿದ.

ಬಿಚ್ಚಲು ಒಂದು ತಾಸು ಸಾಕಾಯಿತು. ಸರಿಯಾಗಿ ಹಾಕಿದ ಗಂಟು ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಹೊಂಗೆಯ ಮೇಲೆ ಕಟ್ಟುವುದು ಮಾತ್ರ ನನಗೆ ಹೊಸ ಪಾಠ. ಸೊಟ್ಟ ಬೊಡ್ಡೆಗೆ ನೇರ ಅಳತೆ ಕೂರುವುದಿಲ್ಲ; ಪ್ರತಿ ಬಿದಿರನ್ನೂ ಬೇರೆ ಬೇರೆ ಉದ್ದಕ್ಕೆ ಕತ್ತರಿಸಬೇಕಾಯಿತು. ಅಟ್ಟಣೆಯ ಹಿಂಬದಿ ದಪ್ಪ ಬೊಡ್ಡೆಗೆ ತಾಗುವಂತೆ ಇಟ್ಟೆವು. ಹಿಂದೆ ಆಕಾಶವಿದ್ದರೆ ತಲೆಯ ಆಕಾರ ಎದ್ದು ಕಾಣುತ್ತದೆ. ಹಿಂದೆ ಮರವಿದ್ದರೆ ಅದರಲ್ಲೇ ಕರಗುತ್ತದೆ. ಹೊಂಗೆಗೆ ಆಗ ಎಳೆ ಹಸುರು ತುಂಬಿತ್ತು. ಜೋತುಬಿದ್ದ ಕೊಂಬೆಗಳೇ ಮರೆ. ಯಾವುದನ್ನೂ ಕಡಿಯಲಿಲ್ಲ. ಎರಡು ಕೊಂಬೆಗಳನ್ನು ಮಾತ್ರ ದಾರದಲ್ಲಿ ಎಳೆದು ಕಟ್ಟಿ ನೋಟಕ್ಕೆ ಅಂಗೈಯಗಲದ ಎರಡು ಕಿಂಡಿ ಮಾಡಿದೆವು.

ಮರೆಯ ಗೋಣಿ ಕತ್ತರಿಸಲು ನಾನು ಕತ್ತರಿ ತೆಗೆದರೆ ಮಾವಶಿ ಕಸಿದುಕೊಂಡಳು. ಅಂಚನ್ನು ಕೈಯಿಂದ ಹರಿದಳು, ಎಳೆ ಎಳೆಯಾಗಿ ಇಳಿಬಿಟ್ಟಳು.

"ನೇರ ಇದ್ದರೆ ಅದು ಮನುಷ್ಯನದು ಅಂತ ಅದಕ್ಕೆ ಗೊತ್ತು," ಎಂದಳು.

ಗೆಳೆಯ ಹಗ್ಗ ಎತ್ತಿ ಕೊಡುತ್ತ ಕೆಳಗಿನಿಂದ ಹೇಳಿದ: "ಫೋರ್‌ಮನ್ರೇ, ಇಡೀ ಡೊಂಬಿವಲಿ ನಿಮ್ಮ ಈ ಕಟ್ಟೋಣ ನೋಡಿದ್ರೆ ಪಿಂಚಣಿ ವಾಪಸು ಕೇಳ್ತದೆ."

ಚತುರ್ದಶಿಯ ಬೆಳಗ್ಗೆ ಹಗ್ಗಗಳನ್ನು ಇನ್ನೊಮ್ಮೆ ಬಿಗಿದು, ಕಲ್ಲಿನ ತೂಕ ಹಾಕಿ, ಟೇಪು ಹಿಡಿದೆವು. ಹನ್ನೆರಡು ಅಡಿ ಮೂರು ಅಂಗುಲ. ರಕ್ಷಕ ಫೋಟೊ ತೆಗೆದ. ಏಣಿಯನ್ನು ಮರದ ಹಿಂಬದಿಗೆ ಇಟ್ಟೆವು. ನಮ್ಮ ಓಡಾಟಕ್ಕೆ ದಕ್ಷಿಣದ ಕೊರಕಲಿನಿಂದ ಬೇರೆ ದಾರಿ ಹಿಡಿದೆವು, ಕಡವೆಗಳ ದಾರಿಯನ್ನು ತುಳಿಯಬಾರದೆಂದು.

ಆಮೇಲೆ ನಾಲ್ವರೂ ಸೇರಿ ನಾನು ಗುಡಿಸಿದ್ದನ್ನು ತಿರುಗಿ ಹರಡಿದೆವು. ಬುಟ್ಟಿಯಲ್ಲಿ ತರಗೆಲೆ ತಂದು ಸುರಿಯುವುದು, ಕೈಯಿಂದ ಚದುರಿಸುವುದು. ಎಳೆದು ಹಾಕಿದ್ದ ಒಣ ಕೊಂಬೆಯನ್ನು ಮೊದಲಿದ್ದಲ್ಲೇ ಅಡ್ಡ ಇಟ್ಟೆವು. ನನ್ನ ಕೈ ಎಲೆಗಳನ್ನು ಸಮವಾಗಿ ಹರಡುತ್ತಿತ್ತು. ಮಾವಶಿ ಹಿಂದಿನಿಂದ ಬಂದು ಕಾಲಿನಿಂದ ಒದ್ದು ಗುಡ್ಡೆ ಮಾಡುತ್ತಿದ್ದಳು. ಹತ್ತು ಗಂಟೆಗೆ ಜಾಗ ಬಿಟ್ಟೆವು. ಹಗ್ಗದ ತುದಿಗಳು ನೇತಾಡುತ್ತಿದ್ದವು, ನೆಲ ಕಸವಾಗಿತ್ತು. ಹಾಗೆ ಬಿಟ್ಟು ಹೋಗುವುದು ಆ ವಾರದಲ್ಲಿ ನನಗೆ ಅತಿ ಕಷ್ಟವಾದ ಕೆಲಸ.

ಅಟ್ಟಣೆಯಲ್ಲಿ ಕೂರುವವರು ಇಬ್ಬರು: ಇಲಾಖೆಯ ಪರವಾಗಿ ಮಾವಶಿ, ಬರೆಯಲು ನಾನು. ಗೆಳೆಯ ತಾನಾಗಿಯೇ ಹಿಂದೆ ಸರಿದ. "ಇಡೀ ರಾತ್ರಿ ಮಾತಾಡ್ದೆ ಕೂತ್ರೆ ನಾನು ಸಾಯ್ತೇನೆ. ಮಾತಾಡಿದ್ರೆ ನೀವು ಕೊಲ್ತೀರಿ."

ನನ್ನ ಅಂಗಿ, ಪಂಚೆಗಳನ್ನು ಸಾಬೂನು ಹಾಕದೆ ಬರೀ ನೀರಲ್ಲಿ ಹಿಂಡಿ, ಹೊಂಗೆ ಸೊಪ್ಪಿನ ಜೊತೆ ಚೀಲದಲ್ಲಿ ಕಟ್ಟಿಟ್ಟಿದ್ದೆ. ತಲೆಗೆ ಎಣ್ಣೆ ಇಲ್ಲ. ಊಟಕ್ಕೆ ನೆನೆಸಿದ ಅವಲಕ್ಕಿ, ಅಗಿದರೆ ಸದ್ದಾಗುವುದಿಲ್ಲ. ಸ್ಟೀಲಿನ ಡಬ್ಬಿಗೆ ಬಟ್ಟೆ ಸುತ್ತಿತ್ತು. ಹುಣ್ಣಿಮೆಯ ಮಧ್ಯಾಹ್ನ ಮೂರಕ್ಕೆ ಏರಿದೆವು. ರಕ್ಷಕ ಏಣಿ ತೆಗೆದು ಕೊರಕಲಿನಲ್ಲಿ ಮಲಗಿಸಿ ಹೊರಟುಹೋದ.

ಐದೂವರೆಗೆ ನಾನು ಹೆದರಿದ್ದೇ ಆಯಿತು. ಸೂರ್ಯ ಕಿಂಡಿಯಿಂದ ನೇರ ಮುಖಕ್ಕೆ ಹೊಡೆದ. ಮಾವಶಿ ನನ್ನ ಕಡೆ ತಿರುಗಿ ತನ್ನ ಕಣ್ಣಿನ ಸುತ್ತ ಬೆರಳಿನಿಂದ ಎರಡು ವೃತ್ತ ಬರೆದಳು. ನನ್ನ ಕನ್ನಡಕ ಹೊಳೆಯುತ್ತಿತ್ತು. ತೆಗೆದು ಜೇಬಿಗಿಟ್ಟೆ. ಅದಿಲ್ಲದೆ ತೊಟ್ಟಿ ನನಗೊಂದು ಬೂದು ಚೌಕ ಮಾತ್ರ. ಗಾಳಿ ಮಾತ್ರ ಮುಖಕ್ಕೆ ಸಮನಾಗಿ ಬೀಸುತ್ತಿತ್ತು, ನಮ್ಮಿಬ್ಬರ ವಾಸನೆಯನ್ನು ಹಿಂದಿನ ಕೊರಕಲಿಗೆ ಒಯ್ಯುತ್ತಿತ್ತು.

ಆರು ಇಪ್ಪತ್ತೆಂಟು. ಸೂರ್ಯ ಗುಡ್ಡದ ಅಂಚಿಗೆ ತಾಗಿದ್ದ. ಮಾವಶಿಯ ಕೈ ನನ್ನ ಮಣಿಕಟ್ಟಿನ ಮೇಲೆ ಬಂದು ಕೂತಿತು. ತರಗೆಲೆಯ ಸದ್ದು. ನಿಂತಿತು. ಒಂದು ನಿಮಿಷದ ಮೇಲೆ ಮತ್ತೆ. ನಾನು ಹರಡಿದ ಎಲೆಗಳ ಮೇಲೆ ಏನೋ ನಡೆಯುತ್ತಿತ್ತು. ಒಣ ಕೊಂಬೆಯ ಹತ್ತಿರ ಕಂದು ಬಣ್ಣದ್ದೊಂದು ಆಕಾರ, ಅದರ ಹಿಂದೆ ಇನ್ನೂ ಕೆಲವು. ದೊಡ್ಡದು ತಲೆಯೆತ್ತಿ ಮತ್ತಿ ಮರದ ಕಡೆ ಬಹಳ ಹೊತ್ತು ನೋಡಿತು. ನಮ್ಮ ಕಡೆ ನೋಡಲಿಲ್ಲ. ಆಮೇಲೆ ಕೊಂಬೆ ದಾಟಿ ಇಳಿಯಿತು. ನೀರಿಗೆ ಮೂತಿ ತಾಗಿದ ಸದ್ದು ಅಟ್ಟಣೆಯ ತನಕ ಕೇಳಿಸಿತು.

ಹನ್ನೊಂದು ನಿಮಿಷ ಇದ್ದವು. ಬಂದ ದಾರಿಯಲ್ಲೇ ಹೋದವು. ಸದ್ದು ಪೂರ್ತಿ ಅಡಗಿದ ಮೇಲೆ ಪೆನ್ಸಿಲು ತೆಗೆದೆ.

"ನಾಲ್ಕು," ಎಂದು ಪಿಸುಗುಟ್ಟಿದೆ.

"ಮೂರು."

"ಹಿಂದೆ ಪೊದೆಯಲ್ಲಿ ಇನ್ನೊಂದು ಇತ್ತು."

"ಅದು ಕಲ್ಲು. ಕನ್ನಡಕ ಹಾಕಿ ನೋಡು."

ಬಿಸಿಲು ಇಳಿದಿತ್ತು. ಹಾಕಿ ನೋಡಿದೆ. ಕಲ್ಲೇ.

"ನಾಲ್ಕು ಬರೆದರೆ ನಿನಗೇ ಒಳ್ಳೆಯದಲ್ಲವೇ ಮಾವಶಿ?" ತಮಾಷೆಗೆ ಕೇಳಿದೆ.

ಅವಳು ನಗಲಿಲ್ಲ. "ನಾನು ಎರಡು ವರ್ಷ ಬರುತ್ತವೆ ಅಂದೆ. ಯಾರೂ ನಂಬಲಿಲ್ಲ. ಈಗ ನಾಲ್ಕು ಅಂದು, ನಾಳೆ ಅವರು ಬಂದು ಮೂರು ಜೊತೆ ಗುರುತು ಎಣಿಸಿದರೆ? ಮೂರು ಬರಿ. ದೊಡ್ಡ ಹೆಣ್ಣು ಒಂದು, ಎಳೆ ಹೆಣ್ಣು ಒಂದು, ಮರಿ ಒಂದು."

ಹಾಗೇ ಬರೆದೆ. ಸಮಯ ಆರು ಇಪ್ಪತ್ತೆಂಟರಿಂದ ಆರು ಮೂವತ್ತೊಂಬತ್ತು. ನೋಡಿದವರು ಎಂಬ ಕಾಲಮ್ಮಿನಲ್ಲಿ ಮೊದಲು ಅವಳ ಹೆಸರು, ಕೆಳಗೆ ನನ್ನದು. ರಾತ್ರಿಯ ಸಾಲುಗಳಲ್ಲಿ ಒಂದು ಮುಳ್ಳುಹಂದಿ ಬಿಟ್ಟರೆ ಉಳಿದವು ಖಾಲಿ.

ಮರುದಿನ ಬೆಳಗ್ಗೆ ಏಳಕ್ಕೆ ರಕ್ಷಕ ಏಣಿ ಹಚ್ಚಿದ. ಗೆಳೆಯ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದ. ನಾನು ಇಳಿಯುವ ಮೊದಲೇ ರಕ್ಷಕ ಕೈ ಚಾಚಿ ಫಾರ್ಮು ಇಸಿದುಕೊಂಡ. ಮೇಲಿನಿಂದ ಕೆಳಗೆ ಓದಿದ. ಇನ್ನೊಮ್ಮೆ ಓದಿದ. ತೊಟ್ಟಿಯ ಹತ್ತಿರ ಹೋಗಿ ಗುರುತುಗಳ ಪಕ್ಕ ಟೇಪು ಇಟ್ಟು ಫೋಟೊ ತೆಗೆದ, ಮೂರೂ ಜೊತೆಯದು. ಆಮೇಲೆ ಬಂಡೆ ಹತ್ತಿದ.

ಅವನು ಫೋನಿನಲ್ಲಿರುವಾಗ ನಾವು ಅಟ್ಟಣೆ ಬಿಚ್ಚತೊಡಗಿದೆವು. ಇದನ್ನು ಒಂದು ದಿನವೂ ಬಿಡುವಂತಿಲ್ಲ. ನೀರಿನ ಎದುರು ಕಟ್ಟಿಟ್ಟ ಅಟ್ಟಣೆ ಕದ್ದು ಬೇಟೆಯಾಡುವವರಿಗೆ ನಾವೇ ಕೊಟ್ಟ ಉಡುಗೊರೆ. ಮೊದಲು ಮರೆ, ಆಮೇಲೆ ಹಾಸು, ಆಮೇಲೆ ಬಿದಿರು. ಗೋಣಿ ಸುತ್ತಿದ್ದರಿಂದ ತೊಗಟೆಗೆ ಗಾಯವಾಗಿರಲಿಲ್ಲ. ಕಟ್ಟಿದ್ದ ಎರಡು ಕೊಂಬೆಗಳ ದಾರ ಬಿಚ್ಚಿದಾಗ ಅವು ತಮ್ಮ ಜಾಗಕ್ಕೆ ಹೋಗಿ ನಿಂತವು.

ರಕ್ಷಕ ಬಂಡೆಯಿಂದ ಇಳಿದು ಬಂದ. ಮಾವಶಿ ಕೆಲಸ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಮಳಿ ಬರೂತನ ನೀರು ಬಿಡ್ರಿ ಅಂದಾರ," ಎಂದ ನನಗೆ. ಆಮೇಲೆ ಅವಳಿಗೆ ಮರಾಠಿಯಲ್ಲಿ ಅದನ್ನೇ ಹೇಳಿದ. ಅವಳು ಕೈಯಲ್ಲಿದ್ದ ಹಗ್ಗವನ್ನು ಪೂರ್ತಿ ಸುತ್ತಿ, ತುದಿ ಸಿಕ್ಕಿಸಿ, ಕೆಳಗಿಟ್ಟಳು. "ಇವತ್ತು ಟ್ಯಾಂಕರ್ ಬರುತ್ತದಾ?" ಎಂದಷ್ಟೇ ಕೇಳಿದಳು.

ಹನ್ನೆರಡು ಇಪ್ಪತ್ತಕ್ಕೆ ಮೇಲಿನಿಂದ ಹಾರ್ನ್ ಕೇಳಿಸಿತು. ಚಾಲಕ ಕ್ಯಾಬಿನಿನಿಂದ ತಲೆ ಹೊರಗೆ ಹಾಕಿ ಕೂಗಿದ: "ಮಾವಶಿ, ಯೇ ಟಾಂಕಿ ಚಾಲೂ ಹೈ ಕಿ ಬಂದ್?"

"ಚಾಲೂ ಆಹೇ," ಎಂದು ಅವಳು ಕೂಗಿದಳು. "ಸೋಡ್ ಪಾಣೀ!" ನೀರು ಬಿಡು ಎಂದು.

ಗೆಳೆಯ ಮೇಲೆ ಟ್ಯಾಂಕರಿಗೆ ಪೈಪು ಸೇರುವ ಕೀಲು ಹಿಡಿದ, ನಾನು ನಡುವೆ ಪೈಪು ಮಡಚಿಕೊಳ್ಳದಂತೆ ನಿಂತೆ, ಅವಳು ಕೆಳಗೆ ಬಾಯಿ ಹಿಡಿದಳು. ಪೈಪು ಕಾಲಿನ ಹತ್ತಿರ ಉಬ್ಬಿ ಅಲುಗಿತು. ಒಂದು ಗಂಟೆ ಐದು ನಿಮಿಷಕ್ಕೆ ತೊಟ್ಟಿ ತುಂಬಿತು. ಪೈಪನ್ನು ಖಾಲಿ ಮಾಡಿ ಸುತ್ತಿಟ್ಟು ನಾಲ್ವರೂ ಇಳಿದೆವು.